ಅಪ್ಪನ ಎದುರು ಲೆಕ್ಕ ಬಿಚ್ಚಿಟ್ಟ ಮಗಳು: ಅಥೆನ್ಸಿನ ಒಂದು ಆಸ್ತಿ ದಾವೆ

ಕ್ರಿ.ಪೂ. 400ರ ಆಸುಪಾಸಿನಲ್ಲಿ ಅಥೆನ್ಸಿನಲ್ಲಿ ಒಂದು ಆಸ್ತಿ ದಾವೆ ನಡೆಯಿತು. ಅದಕ್ಕಾಗಿ ಲೈಸಿಯಸ್ ಎಂಬುವನು ಬರೆದುಕೊಟ್ಟ ಕೋರ್ಟಿನ ಭಾಷಣದಿಂದ ಅದು ನಮಗೆ ಗೊತ್ತು. ಅಪ್ಪನಿಲ್ಲದ ಮಕ್ಕಳ ದುಡ್ಡನ್ನು ಅವರ ಪಾಲಕನೇ ನುಂಗಿ ಹಾಕಿದ್ದಾನೆ ಅನ್ನುವುದು ಆರೋಪ. ಇಂಥ ದಾವೆ ಅಲ್ಲಿ ಹೊಸದೇನಲ್ಲ. ಯುದ್ಧಕ್ಕೆ ಹೋದ ಗಂಡಸರು ವಾಪಸ್ ಬರುತ್ತಿರಲಿಲ್ಲ, ಅವರ ಆಸ್ತಿ ಇನ್ಯಾರದೋ ಕೈಗೆ ಹೋಗುತ್ತಿತ್ತು. ಈ ದಾವೆಯ ವಿಶೇಷ ಬೇರೆ. ಇದರಲ್ಲಿ ಎಲ್ಲಕ್ಕಿಂತ ಬಲವಾದ ಮಾತು ಒಬ್ಬ ಹೆಂಗಸಿನದು. ಆದರೆ ಕೋರ್ಟಿನಲ್ಲಿ ನಿಂತು ಆ ಮಾತನ್ನು ಆಡುವ ಹಕ್ಕು ಆಕೆಗೆ ಇರಲಿಲ್ಲ.

ಗ್ರೀಕರ ಭಾಷಣ ಕಲೆಯಲ್ಲಿ ಹೆಂಗಸರು ಅಂದ ಕೂಡಲೇ ಎಲ್ಲರೂ ಆಸ್ಪೇಸಿಯಾ ಹೆಸರು ತೆಗೆಯುತ್ತಾರೆ. ಮಿಲೆಟಸ್ ಊರಿನವಳು, ಅಥೆನ್ಸಿನ ನಾಯಕ ಪೆರಿಕ್ಲಿಸನ ಸಂಗಾತಿ. ಪ್ಲೇಟೊ ಬರೆದ ಒಂದು ಸಂವಾದದಲ್ಲಿ ಸಾಕ್ರೆಟಿಸ್ ತನಗೆ ಭಾಷಣ ಕಲಿಸಿದ ಗುರು ಆಕೆಯೇ ಅನ್ನುತ್ತಾನೆ. ಅದರಲ್ಲಿ ತಮಾಷೆ ಎಷ್ಟು, ನಿಜ ಎಷ್ಟು ಎಂದು ಬಿಡಿಸುತ್ತಾ ಕೂತರೆ ಮುಗಿಯುವ ಕೆಲಸವಲ್ಲ. ನನಗಂತೂ ಈ ಆಸ್ತಿ ದಾವೆಯ ಹೆಂಗಸೇ ಹೆಚ್ಚು ಮುಖ್ಯ ಅನಿಸುತ್ತಾಳೆ. ಮಾತಾಡಲು ಬಿಡದ ವ್ಯವಸ್ಥೆಯೊಳಗೆ ಒಬ್ಬ ಹೆಂಗಸಿನ ಮಾತು ಯಾವ ದಾರಿ ಹಿಡಿದು ಕೋರ್ಟಿನವರೆಗೆ ಹೋಯಿತು ಅನ್ನುವುದು ಇಲ್ಲಿ ಹೆಜ್ಜೆ ಹೆಜ್ಜೆಗೂ ಕಾಣುತ್ತದೆ.

ಮನೆ ಮತ್ತು ದುಡ್ಡು

ಡಯೊಡೊಟಸ್ ಮತ್ತು ಡಯೊಗೈಟಾನ್ ಒಂದೇ ತಾಯಿಯ ಮಕ್ಕಳು. ಎರಡೂ ಹೆಸರು ಒಂದೇ ಥರ ಕೇಳಿಸುತ್ತವೆ. ಹಾಗಾಗಿ ಮೊದಲನೆಯವನನ್ನು ಸತ್ತವನು ಎಂದೂ, ಎರಡನೆಯವನನ್ನು ತಾತ ಎಂದೂ ಕರೆಯುತ್ತೇನೆ. ಕಥೆ ಮುಂದೆ ಹೋದಂತೆ ಅದು ಸರಿಹೋಗುತ್ತದೆ.

ಇಬ್ಬರೂ ಕೈಯಲ್ಲಿದ್ದ ಹಣವನ್ನು ಪಾಲು ಮಾಡಿಕೊಂಡರು. ಜಮೀನು, ಮನೆ ಜಂಟಿಯಾಗಿಯೇ ಉಳಿದವು. ಡಯೊಡೊಟಸ್ ಸಮುದ್ರ ವ್ಯಾಪಾರದಲ್ಲಿ ಚೆನ್ನಾಗಿ ದುಡ್ಡು ಮಾಡಿದ. ಅದನ್ನು ನೋಡಿದ ಡಯೊಗೈಟಾನ್ ತನ್ನ ಒಬ್ಬಳೇ ಮಗಳನ್ನು ಅವನಿಗೇ ಮದುವೆ ಮಾಡಿಕೊಟ್ಟ. ಅಂದರೆ ಹುಡುಗಿಗೆ ಅಪ್ಪನ ಒಡಹುಟ್ಟಿದವನೇ ಗಂಡ. ನಮ್ಮಲ್ಲಿ ಸೋದರಮಾವನನ್ನು ಮದುವೆಯಾಗುವುದು ಮಾಮೂಲು. ಅದೇ ಚಿಕ್ಕಪ್ಪನನ್ನು ಅಂದರೆ ಕಿವಿ ಮುಚ್ಚಿಕೊಳ್ಳುತ್ತೇವೆ. ಅಥೆನ್ಸಿನವರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಆಸ್ತಿ ಮನೆಯಲ್ಲೇ ಉಳಿಯುತ್ತದಲ್ಲ, ಅಷ್ಟು ಸಾಕಿತ್ತು. ಈ ಮದುವೆಯಿಂದ ಎರಡು ಗಂಡು, ಒಂದು ಹೆಣ್ಣು ಮಗು ಹುಟ್ಟಿದವು. ಮಕ್ಕಳಿಗೆ ಡಯೊಗೈಟಾನ್ ತಾಯಿಯ ಕಡೆಯಿಂದ ತಾತ, ತಂದೆಯ ಕಡೆಯಿಂದ ದೊಡ್ಡಪ್ಪನೋ ಚಿಕ್ಕಪ್ಪನೋ.

ಆಗ ಸ್ಪಾರ್ಟಾದ ಜೊತೆ ಯುದ್ಧ ನಡೆಯುತ್ತಿತ್ತು. ಡಯೊಡೊಟಸನಿಗೆ ಥ್ರಾಸಿಲಸ್ ಎಂಬ ಸೇನಾಪತಿಯ ಜೊತೆ ಹೊರಡಬೇಕಾಗಿ ಬಂತು. ಹೊರಡುವ ಮುಂಚೆ ಅವನು ಹೆಂಡತಿಯನ್ನೂ ಆಕೆಯ ಅಪ್ಪನನ್ನೂ ಕೂರಿಸಿಕೊಂಡು ಎಲ್ಲ ಹೇಳಿದ. ಉಯಿಲು ಕೊಟ್ಟ. 5 ಟ್ಯಾಲೆಂಟ್ ಬೆಳ್ಳಿಯನ್ನು ಠೇವಣಿಯಾಗಿ ಒಪ್ಪಿಸಿದ. ಹಡಗಿನ ವ್ಯಾಪಾರಕ್ಕೆ ಸಾಲ ಕೊಟ್ಟ 7 ಟ್ಯಾಲೆಂಟ್ 40 ಮಿನಾ ಬರಬೇಕು, ಕೆರ್ಸೊನೀಸ್ ಕಡೆಯಿಂದ 2,000 ಡ್ರಾಕ್ಮಾ ಬರಬೇಕು ಎಂದು ತೋರಿಸಿದ. ತನಗೇನಾದರೂ ಆದರೆ ಹೆಂಡತಿಯ ಮರುಮದುವೆಗೆ 1 ಟ್ಯಾಲೆಂಟ್ ವರದಕ್ಷಿಣೆ, ಮಗಳ ಮದುವೆಗೆ 1 ಟ್ಯಾಲೆಂಟ್ ಕೊಡಬೇಕು ಎಂದ. ಹೆಂಡತಿಯ ಕೈಗೆ 20 ಮಿನಾ ಮತ್ತು ಕಿಜಿಕಸ್ ಊರಿನ 30 ನಾಣ್ಯ ಕೊಟ್ಟ. ಪತ್ರಗಳ ಒಂದು ಪ್ರತಿಯನ್ನು ಮನೆಯಲ್ಲಿಟ್ಟ.

ಈ ಲೆಕ್ಕ ತಲೆಗೆ ಹತ್ತಬೇಕಾದರೆ ಇಷ್ಟು ತಿಳಿದಿರಲಿ. 100 ಡ್ರಾಕ್ಮಾ ಸೇರಿದರೆ 1 ಮಿನಾ, 60 ಮಿನಾ ಸೇರಿದರೆ 1 ಟ್ಯಾಲೆಂಟ್. ಆ ಕಾಲದಲ್ಲಿ ಅಕ್ರೊಪೊಲಿಸ್ ಮೇಲೆ ಗುಡಿ ಕಟ್ಟುತ್ತಿದ್ದ ನುರಿತ ಕೆಲಸಗಾರನ ದಿನಗೂಲಿ ಸುಮಾರು 1 ಡ್ರಾಕ್ಮಾ. ಅಂದರೆ 5 ಟ್ಯಾಲೆಂಟ್ ಠೇವಣಿಯೊಂದೇ 30,000 ದಿನಗಳ ಕೂಲಿ.

ಕ್ರಿ.ಪೂ. 409ರ ಹೊತ್ತಿಗೆ ಎಫೆಸಸ್‌ನಲ್ಲಿ ಡಯೊಡೊಟಸ್ ಸತ್ತ. ತಾತ ಸುದ್ದಿಯನ್ನು ಮಗಳಿಗೆ ಹೇಳಲಿಲ್ಲ. ಹಡಗಿನ ಸಾಲ ವಸೂಲಿಗೆ ಬೇಕು ಎಂದು ಮೊದಲು ಮುದ್ರೆ ಹಾಕಿದ ಪತ್ರಗಳನ್ನು ಕೈಗೆ ತೆಗೆದುಕೊಂಡ. ಆಮೇಲೆ ಸಾವಿನ ಸುದ್ದಿ ತಿಳಿಸಿದ. ಉತ್ತರಕ್ರಿಯೆ ಎಲ್ಲ ಆಯಿತು. ಒಂದು ವರ್ಷ ಪಿರೇಯಸ್ ಬಂದರಿನ ಮನೆಯಲ್ಲಿದ್ದ ದವಸದಲ್ಲೇ ಕಳೆಯಿತು. ಅದು ಮುಗಿಯುತ್ತಾ ಬಂದಾಗ ಮಕ್ಕಳನ್ನು ಪಟ್ಟಣಕ್ಕೆ ಕಳಿಸಿ, ಮಗಳನ್ನು ಹೆಗೆಮಾನ್ ಎಂಬುವನಿಗೆ ಮದುವೆ ಮಾಡಿಕೊಟ್ಟ. ವರದಕ್ಷಿಣೆ 5,000 ಡ್ರಾಕ್ಮಾ. ಸತ್ತವನು ಹೇಳಿದ್ದಕ್ಕಿಂತ 1,000 ಕಡಿಮೆ.

ಎಂಟನೇ ವರ್ಷ ದೊಡ್ಡ ಹುಡುಗ ಪ್ರಾಯಕ್ಕೆ ಬಂದ. ತಾತ ಮಕ್ಕಳನ್ನು ಕರೆದು ಹೇಳಿದ: ನಿಮ್ಮಪ್ಪ ಬಿಟ್ಟುಹೋಗಿದ್ದು 20 ಮಿನಾ ಮತ್ತು 30 ನಾಣ್ಯ ಅಷ್ಟೇ. ನಾನೇ ಕೈಯಿಂದ ಹಾಕಿ ಸಾಕಿದೆ. ಈಗ ನನಗೂ ಕಷ್ಟ. ನೀನು ದೊಡ್ಡವನಾದೆ, ನಿನ್ನ ದಾರಿ ನೀನು ನೋಡಿಕೋ.

ಮನೆಯೊಳಗಿನ ಪಂಚಾಯಿತಿ

ಹುಡುಗರು ಅಳುತ್ತಾ ತಾಯಿಯ ಹತ್ತಿರ ಹೋದರು. ಆಕೆ ಅವರನ್ನು ಕರೆದುಕೊಂಡು ಅಳಿಯನ ಮನೆಗೆ, ಅಂದರೆ ತನ್ನ ಮಗಳ ಗಂಡನ ಹತ್ತಿರ ಬಂದಳು. ಮುಂದೆ ಕೋರ್ಟಿನಲ್ಲಿ ಮಾತಾಡುವವನು ಇವನೇ. ಆಕೆ ಕೇಳಿದ್ದು ಒಂದೇ: ನನ್ನ ಅಪ್ಪನನ್ನೂ ನೆಂಟರಿಷ್ಟರನ್ನೂ ಒಂದು ಕಡೆ ಸೇರಿಸು. ಗಂಡಸರ ನಡುವೆ ಮಾತಾಡಿ ನನಗೆ ಅಭ್ಯಾಸವಿಲ್ಲ, ಆದರೂ ಈ ಕಷ್ಟವೇ ನನ್ನಿಂದ ಎಲ್ಲವನ್ನೂ ಹೇಳಿಸುತ್ತದೆ.

ಅಥೆನ್ಸಿನ ಹೆಂಗಸು ಹುಟ್ಟಿನಿಂದ ಸಾವಿನವರೆಗೆ ಯಾರಾದರೊಬ್ಬ ಗಂಡಸಿನ ಯಜಮಾನಿಕೆಯಲ್ಲಿ ಇರಬೇಕಿತ್ತು. ಅಪ್ಪ, ಗಂಡ, ಅಣ್ಣ ಅಥವಾ ಮಗ. ಒಂದು ಮೆದಿಮ್ನಸ್ (ಧಾನ್ಯ ಅಳೆಯುವ ಅಳತೆ) ಬಾರ್ಲಿಯ ಬೆಲೆಗಿಂತ ಜಾಸ್ತಿ ಮೊತ್ತದ ವ್ಯವಹಾರವನ್ನು ಆಕೆ ಸ್ವಂತವಾಗಿ ಮಾಡುವಂತಿರಲಿಲ್ಲ. ಕೋರ್ಟಿನಲ್ಲಿ ವಾದ ಮಾಡುವಂತಿಲ್ಲ, ಸಾಕ್ಷಿ ಹೇಳುವಂತಿಲ್ಲ. ಜನಸಭೆಯ ಮಾತಂತೂ ದೂರವೇ ಉಳಿಯಿತು. ಯುದ್ಧದ ಮೊದಲ ವರ್ಷ ಸತ್ತವರಿಗಾಗಿ ಮಾಡಿದ ಭಾಷಣದಲ್ಲಿ ಪೆರಿಕ್ಲಿಸ್ ವಿಧವೆಯರಿಗೆ ಕೊಟ್ಟ ಬುದ್ಧಿಮಾತು ಎಲ್ಲರಿಗೂ ಗೊತ್ತು: ಹೊಗಳಿಕೆಗಾಗಲಿ ತೆಗಳಿಕೆಗಾಗಲಿ ಗಂಡಸರ ಬಾಯಲ್ಲಿ ಯಾರ ಹೆಸರು ಕಡಿಮೆ ಬರುತ್ತದೋ ಅವಳೇ ದೊಡ್ಡವಳು. ಆ ವಿಧವೆಯರ ಪಾಲಿನ ದುಡ್ಡು ಯಾರ ಕೈಯಲ್ಲಿತ್ತು ಅನ್ನುವ ಪ್ರಶ್ನೆ ಅಂಥ ಸಭೆಯಲ್ಲಿ ಏಳುವುದಿಲ್ಲ ಬಿಡಿ.

ನೆಂಟರ ಪಂಚಾಯಿತಿ ಮಾತ್ರ ಕೋರ್ಟೂ ಅಲ್ಲ, ಸಭೆಯೂ ಅಲ್ಲ. ಅದು ಮನೆಯ ಒಳಗಿನ ಜಾಗ. ಆ ಹೆಂಗಸಿಗೆ ಇದ್ದ ಒಂದೇ ಜಾಗವೂ ಅದೇ. ಅಳಿಯ ಮೊದಲು ಆಕೆಯ ಈಗಿನ ಗಂಡ ಹೆಗೆಮಾನ್ ಹತ್ತಿರ ಹೋಗಿ ಮಾತಾಡಿದ. ತಾತ ಬರುವುದೇ ಇಲ್ಲ ಎಂದ. ಕೊನೆಗೆ ಅವನ ಸ್ನೇಹಿತರೇ ಒತ್ತಾಯ ಮಾಡಿ ಕರೆತಂದರು.

ಆಕೆ ನೇರವಾಗಿ ಅಪ್ಪನಿಗೇ ಕೇಳಿದಳು. ಭಾಷಣದಲ್ಲಿರುವ ಆಕೆಯ ಮಾತಿನ ತಿರುಳು ಇಷ್ಟು:

"ನನ್ನ ಮಕ್ಕಳಿಗೆ ಹೀಗೆ ಮಾಡಲು ನಿನಗೆ ಮನಸ್ಸಾದರೂ ಹೇಗೆ ಬಂತು? ನೀನು ಅವರ ಅಪ್ಪನ ಒಡಹುಟ್ಟಿದವನು. ನನಗೆ ಅಪ್ಪ. ಅವರಿಗೆ ತಾತ. ಮನುಷ್ಯರಿಗೆ ನಾಚದಿದ್ದರೆ ಹೋಗಲಿ, ದೇವರಿಗಾದರೂ ಹೆದರಬೇಕಿತ್ತು. ಅವರು ಹಡಗು ಹತ್ತುವಾಗ ನಿನ್ನ ಕೈಗೆ 5 ಟ್ಯಾಲೆಂಟ್ ಕೊಟ್ಟರು. ಈ ಮಕ್ಕಳನ್ನೂ ಆಮೇಲೆ ಹುಟ್ಟಿದ ಮಕ್ಕಳನ್ನೂ ನಿಲ್ಲಿಸಿಕೊಂಡು, ನೀನು ಹೇಳಿದ ಕಡೆ ಆಣೆ ಮಾಡಲು ನಾನು ತಯಾರು. ಸ್ವಂತ ಮಕ್ಕಳ ಮೇಲೆ ಸುಳ್ಳು ಆಣೆ ಇಟ್ಟು ಸಾಯುವಷ್ಟು, ಅಪ್ಪನ ಆಸ್ತಿಯನ್ನು ಅನ್ಯಾಯವಾಗಿ ಕಿತ್ತುಕೊಳ್ಳುವಷ್ಟು ದುಡ್ಡಿನ ಆಸೆ ನನಗಿಲ್ಲ."

ಇಷ್ಟು ಹೇಳಿ ಆಕೆ ಲೆಕ್ಕಕ್ಕೆ ಬಂದಳು. ಹಡಗಿನ ಸಾಲ 7 ಟ್ಯಾಲೆಂಟ್ 40 ಮಿನಾ ಪೂರ್ತಿ ವಸೂಲಾಗಿದೆ ಎಂದು ತೋರಿಸಿದಳು. ಆಧಾರ ಏನು ಅಂದರೆ ಒಂದು ಲೆಕ್ಕದ ಬರಹ. ತಾತ ಕೊಲ್ಲಿಟಸ್ ಬಡಾವಣೆಯಿಂದ ಬೇರೆ ಮನೆಗೆ ಸಾಮಾನು ಸಾಗಿಸುವಾಗ ಅದು ಎಲ್ಲೋ ಬಿದ್ದಿತ್ತು. ಮಕ್ಕಳು ಎತ್ತಿಕೊಂಡು ತಾಯಿಗೆ ತಂದುಕೊಟ್ಟಿದ್ದರು. ಜಮೀನಿನ ಮೇಲೆ ಬಡ್ಡಿಗೆ ಕೊಟ್ಟಿದ್ದ 100 ಮಿನಾ ಬಂದಿದೆ. ಇನ್ನೂ 2,000 ಡ್ರಾಕ್ಮಾ ಬಂದಿದೆ. ಬೆಲೆಬಾಳುವ ಸಾಮಾನು ಬಂದಿದೆ. ಕೆರ್ಸೊನೀಸ್‌ನಿಂದ ವರ್ಷ ವರ್ಷ ಧಾನ್ಯ ಬರುತ್ತಿದೆ. ಒಂದೊಂದನ್ನೇ ಹೇಳುತ್ತಾ ಹೋದಳು.

ಆಮೇಲೆ ಬಂತು ನೋಡಿ ಪೆಟ್ಟು. ಅಪ್ಪ ಬಿಟ್ಟುಹೋಗಿದ್ದು ಇಷ್ಟೇ ಎಂದು ನೀನು ತೋರಿಸುವ 20 ಮಿನಾ ಮತ್ತು 30 ನಾಣ್ಯ ಇದೆಯಲ್ಲ, ಅದು ಅವರು ನನ್ನ ಕೈಗೆ ಕೊಟ್ಟು ಹೋದದ್ದು. ಅವರು ಸತ್ತ ಮೇಲೆ ನಾನೇ ನಿನಗೆ ಒಪ್ಪಿಸಿದ್ದು!

ಇದಕ್ಕೆ ತಾತನ ಹತ್ತಿರ ಉತ್ತರ ಇರಲು ಸಾಧ್ಯವಿಲ್ಲ. ಆ ಮೊತ್ತ ಹೊಂದಿಕೆಯಾಗುತ್ತದೆ ಅನ್ನುವುದನ್ನು ಹೇಳಬಲ್ಲವಳು ಭೂಮಿಯ ಮೇಲೆ ಆಕೆ ಒಬ್ಬಳೇ. ಗಂಡ ಸತ್ತಿದ್ದಾನೆ, ಕೈಗೆ ತೆಗೆದುಕೊಂಡವನು ಸುಳ್ಳು ಹೇಳುತ್ತಿದ್ದಾನೆ.

ಕೊನೆಗೆ ಮಕ್ಕಳ ಸ್ಥಿತಿಗೆ ಬಂದಳು. ಹರಕು ಬಟ್ಟೆಯಲ್ಲಿ, ಕಾಲಿಗೆ ಚಪ್ಪಲಿಯಿಲ್ಲದೆ, ಜೊತೆಗೆ ಆಳಿಲ್ಲದೆ, ಹಾಸಿಗೆ ಹೊದಿಕೆಯಿಲ್ಲದೆ ಮನೆಯಿಂದ ಹೊರಗೆ ಹಾಕಿದೆ. ನನ್ನ ಮಲತಾಯಿಯ ಮಕ್ಕಳನ್ನು ಸುಖದಲ್ಲಿ ಬೆಳೆಸುತ್ತಿದ್ದೀಯ. ಬೆಳೆಸು, ಅದು ಸರಿಯೇ. ಆದರೆ ನನ್ನ ಮಕ್ಕಳನ್ನು ಭಿಕ್ಷುಕರನ್ನಾಗಿ ಮಾಡಬೇಡ.

"ಅದು ಸರಿಯೇ" ಅನ್ನುವ ಆ ತುಂಡು ಮಾತು ನನಗೆ ತುಂಬಾ ಇಷ್ಟ. ಮಲತಾಯಿಯ ಮಕ್ಕಳ ಮೇಲೆ ಹೊಟ್ಟೆಕಿಚ್ಚು ಎಂದು ಯಾರಾದರೂ ಎದ್ದು ಹೇಳುವ ಮುಂಚೆಯೇ ಆ ಬಾಗಿಲು ಹಾಕಿಬಿಟ್ಟಳು.

ಆಕೆ ಮುಗಿಸಿದಾಗ ಅಲ್ಲಿದ್ದ ಗಂಡಸರಲ್ಲಿ ಒಬ್ಬರಿಗೂ ಬಾಯಿ ಬರಲಿಲ್ಲವಂತೆ. ನೊಂದವರು ಅತ್ತಷ್ಟೇ ತಾವೂ ಅಳುತ್ತಾ ಸುಮ್ಮನೆ ಎದ್ದುಹೋದರು ಎಂದು ಭಾಷಣ ಹೇಳುತ್ತದೆ.

ಆಣೆಯ ಬಲ

ಆಣೆ ಮಾಡುತ್ತೇನೆ ಎಂದದ್ದು ಬರೀ ಕಣ್ಣೀರಿನ ಮಾತಲ್ಲ. ಹೆಂಗಸು ಸಾಕ್ಷಿ ಹೇಳುವಂತಿಲ್ಲ, ನಿಜ. ಆದರೆ ಒಬ್ಬರು ಸವಾಲು ಹಾಕಿ ಇನ್ನೊಬ್ಬರು ಒಪ್ಪಿದರೆ ಆಕೆ ದೇವರ ಮುಂದೆ ಆಣೆ ಮಾಡಬಹುದಿತ್ತು. ಆ ಆಣೆಗೆ ಬೆಲೆ ಇತ್ತು. ಮುಂದಿನ ದಶಕಗಳಲ್ಲಿ ಪ್ಲಾಂಗಾನ್ ಎಂಬ ಹೆಂಗಸಿನ ವಿಷಯದಲ್ಲಿ ಅದು ಚೆನ್ನಾಗಿ ಗೊತ್ತಾಯಿತು. ಮಾಂಟಿಯಾಸ್ ಎಂಬುವನು ಆಕೆಯ ಮಕ್ಕಳು ತನ್ನವರಲ್ಲ ಎನ್ನುತ್ತಿದ್ದ. ಆಣೆಯ ಸವಾಲು ಹಾಕುತ್ತೇನೆ, ನೀನು ಆಗಲ್ಲ ಅನ್ನಬೇಕು ಎಂದು ಗುಟ್ಟಾಗಿ ಒಪ್ಪಂದ ಮಾಡಿಕೊಂಡು ದುಡ್ಡೂ ಇಟ್ಟ. ಪ್ಲಾಂಗಾನ್ ಸಮಯಕ್ಕೆ ಸರಿಯಾಗಿ ಡೆಲ್ಫಿನಿಯಾನ್ ಗುಡಿಗೆ ಬಂದು, ಇವರು ಅವನ ಮಕ್ಕಳೇ ಎಂದು ಆಣೆ ಮಾಡಿಬಿಟ್ಟಳು. ಅವನು ಒಪ್ಪಿಕೊಳ್ಳಲೇಬೇಕಾಯಿತು.

ನಮ್ಮ ಪ್ರಕರಣದ ಹೆಂಗಸು ಜಾಗ ಆರಿಸುವುದನ್ನೂ ಎದುರಾಳಿಗೇ ಬಿಟ್ಟಳು. ಕಾನೂನು ತನಗೆ ತೆರೆದಿಟ್ಟ ಚಿಕ್ಕ ಕಿಂಡಿ ಯಾವುದು ಎಂದು ಆಕೆಗೆ ಗೊತ್ತಿತ್ತು.

ಮನೆಯಿಂದ ಕೋರ್ಟಿಗೆ

ಇನ್ನು ಲೈಸಿಯಸ್. ಭಾಷಣ ಬರೆದವನು ಇವನು. ಅಥೆನ್ಸಿನಲ್ಲಿ ವಾದಿ ಪ್ರತಿವಾದಿಗಳು ತಮ್ಮ ಮಾತನ್ನು ತಾವೇ ಆಡಬೇಕಿತ್ತು. ದುಡ್ಡಿದ್ದವರು ನುರಿತವರಿಂದ ಬರೆಸಿಕೊಂಡು ಬಾಯಿಪಾಠ ಮಾಡುತ್ತಿದ್ದರು. ಲೈಸಿಯಸ್ ಈ ಕಸುಬಿನಲ್ಲಿ ಹೆಸರುವಾಸಿ. ಅವನ ಅಪ್ಪ ಸಿರಾಕ್ಯೂಸ್‌ನಿಂದ ಬಂದು ನೆಲೆಸಿದವನು. ಹಾಗಾಗಿ ಊರಲ್ಲಿ ಎಷ್ಟು ಕಾಲ ಇದ್ದರೂ ಇವನು ಹೊರಗಿನವನೇ. ಜನಸಭೆಯಲ್ಲಿ ಮಾತಾಡುವ ಹಕ್ಕು ಇವನಿಗೂ ಇಲ್ಲ. ಕ್ರಿ.ಪೂ. 404ರಲ್ಲಿ ಅಧಿಕಾರ ಹಿಡಿದ ಮೂವತ್ತು ಜನರ ಗುಂಪು ಇವನ ಅಣ್ಣ ಪೊಲೆಮಾರ್ಕಸನನ್ನು ವಿಷ ಕುಡಿಸಿ ಕೊಂದು, ಆಸ್ತಿಯನ್ನೂ ದೋಚಿತ್ತು.

ಯಾರ ಬಾಯಿಗೆ ಯಾವ ಮಾತು ಒಪ್ಪುತ್ತದೆ ಎಂದು ಅಳೆದು ಬರೆಯುವುದರಲ್ಲಿ ಲೈಸಿಯಸ್‌ನನ್ನು ಮೀರಿಸಿದವರಿಲ್ಲ ಎಂದು ಹಳಬರೇ ಹೇಳಿದ್ದಾರೆ. ಈ ದಾವೆಯಲ್ಲಿ ಅವನಿಗೆ ಒಂದು ತೊಡಕಿತ್ತು. ಕೋರ್ಟಿನಲ್ಲಿ ನಿಲ್ಲುವವನು ಅಳಿಯ. ಹೆಂಡತಿಯ ತಾತನ ಮೇಲೆ ಕೇಸು ಹಾಕುವ ಅಳಿಯನನ್ನು ನೋಡಿದರೆ ಜನಕ್ಕೆ ಏನನಿಸುತ್ತದೆ? ದುಡ್ಡಿಗೆ ಬಿದ್ದವನು, ಮನೆ ಒಡೆಯುವವನು ಅನಿಸುತ್ತದೆ, ಅಲ್ವಾ? ಭಾಷಣ ಶುರುವಾಗುವುದೇ ಆ ಮುಜುಗರದಿಂದ: ವಿಷಯ ಇಷ್ಟು ದೊಡ್ಡದಲ್ಲದಿದ್ದರೆ ನೆಂಟರ ಜಗಳವನ್ನು ನಿಮ್ಮ ಮುಂದೆ ತರಲು ನಾನು ಬಿಡುತ್ತಿರಲಿಲ್ಲ.

ಹಾಗಾಗಿ ಬೈಗುಳದ ಮುಖ್ಯ ಭಾಗ ಅಳಿಯನ ಬಾಯಲ್ಲಿಲ್ಲ. ಆ ಕೆಲಸವನ್ನು ಮಗಳಿಗೆ ಬಿಟ್ಟಿದ್ದಾರೆ. ಹೆತ್ತ ಮಗಳೇ ಹೀಗೆ ಹೇಳಬೇಕಾದರೆ ಅಪ್ಪ ಎಂಥವನಿರಬೇಕು ಎಂದು ಕೇಳುವವರು ತಾವೇ ಲೆಕ್ಕ ಹಾಕಿಕೊಳ್ಳಲಿ. ಗಂಡಸರ ಮುಂದೆ ಮಾತಾಡಿದವಳೇ ಅಲ್ಲ ಅನ್ನುವ ಪೀಠಿಕೆಯ ಕೆಲಸವೂ ಇದೇ. ಹೆಂಗಸು ಸುಮ್ಮನಿರಬೇಕು ಎಂಬ ನಿಯಮವನ್ನು ಅದು ಮುರಿಯುವುದಿಲ್ಲ. ಆ ನಿಯಮವನ್ನೇ ಬಂಡವಾಳ ಮಾಡಿಕೊಳ್ಳುತ್ತದೆ. ಸದಾ ಮಾತಾಡುವವರ ಮಾತಿಗಿಂತ ಇಂಥವಳ ಮಾತಿಗೆ ತೂಕ ಜಾಸ್ತಿ.

ಆಕೆಯ ಮಾತನ್ನು ಹೇಳಿ ಮುಗಿಸಿದ ಮೇಲೆ ಅಳಿಯ ಸಾಕ್ಷಿಗಳನ್ನು ಕರೆಯುತ್ತಾನೆ. ಬರುವವರು ಪಂಚಾಯಿತಿಯಲ್ಲಿದ್ದ ಗಂಡಸರು. ಆಕೆ ಹೇಳಿದ್ದು ಹೌದು ಎಂದು ಅವರು ಹೇಳಬೇಕು. ಮನೆಯಲ್ಲಿ ಆಡಿದ ಮಾತು ಕೋರ್ಟಿನ ಪುರಾವೆಯಾದದ್ದು ಹೀಗೆ. ಆಕೆಯ ಹೆಸರು ಮಾತ್ರ ಇಡೀ ಭಾಷಣದಲ್ಲಿ ಎಲ್ಲೂ ಬರುವುದಿಲ್ಲ. ಮರ್ಯಾದಸ್ಥ ಮನೆಯ ಬದುಕಿರುವ ಹೆಂಗಸಿನ ಹೆಸರನ್ನು ಕೋರ್ಟಿನಲ್ಲಿ ಎತ್ತಬಾರದು ಅನ್ನುವುದು ಅಲ್ಲಿನ ರಿವಾಜು. ಹೆಸರು ಹೇಳಿದರೆ ಅವಮಾನ ಮಾಡಿದ ಹಾಗೆ. ಎರಡನೇ ಗಂಡ ಹೆಗೆಮಾನ್ ಒಂದು ಮಾತೂ ಆಡದೆ ಹೆಸರು ಉಳಿಸಿಕೊಂಡ.

ಸಾಕ್ಷಿ ಆದ ಮೇಲೆ ಉಳಿದ ಭಾಷಣ ಪೂರ್ತಿ ಲೆಕ್ಕವೇ. ಮೊದಲು ಏನೂ ಇಲ್ಲ ಎಂದಿದ್ದ ತಾತ ಕೊನೆಗೆ 7 ಟ್ಯಾಲೆಂಟಿಗೂ ಜಾಸ್ತಿ ಬಂದದ್ದನ್ನು ಒಪ್ಪಿಕೊಂಡಿದ್ದ. ಎಲ್ಲ ಮಕ್ಕಳ ಮೇಲೇ ಖರ್ಚಾಯಿತು ಎಂದ. ಎರಡು ಹುಡುಗರು ಮತ್ತು ಒಬ್ಬ ಹುಡುಗಿಯ ಊಟದ ಜೊತೆಯ ಪದಾರ್ಥಕ್ಕೇ ದಿನಕ್ಕೆ 5 ಒಬೊಲ್ ಬರೆದಿದ್ದ (6 ಒಬೊಲ್ ಸೇರಿದರೆ 1 ಡ್ರಾಕ್ಮಾ). ಆಗ ಕೋರ್ಟಿನಲ್ಲಿ ಕೂತು ತೀರ್ಪು ಕೊಡುವವರ ದಿನದ ಭತ್ಯೆಯೇ 3 ಒಬೊಲ್. ಕೇಳುತ್ತಾ ಕೂತವರ ಮುಖ ಹೇಗಾಗಿರಬಹುದು ಯೋಚಿಸಿ. ಅಪ್ಪನ ಸಮಾಧಿಗೆ 5,000 ಡ್ರಾಕ್ಮಾ ಎಂದು ಬರೆದು ಅರ್ಧ ಮಕ್ಕಳ ಲೆಕ್ಕಕ್ಕೆ ಹಾಕಿದ್ದ. ನಿಜವಾದ ಖರ್ಚು 25 ಮಿನಾ ಕೂಡ ಆಗಿರಲಿಲ್ಲ. ಯುದ್ಧದ ಹಡಗಿಗೆ ಹಣ ಹಾಕಿದ್ದು 48 ಮಿನಾ ಎಂದು ತೋರಿಸಿ 24ನ್ನು ಮಕ್ಕಳ ತಲೆಗೆ ಕಟ್ಟಿದ್ದ. ವಿಚಾರಿಸಿದರೆ ಕೊಟ್ಟಿದ್ದೇ ಒಟ್ಟು 24. ಎಲ್ಲ ಕಡೆ ಒಂದೇ ಕೈಚಳಕ. ಖರ್ಚನ್ನು ಎರಡರಷ್ಟು ತೋರಿಸಿ ಅರ್ಧ ನಾನು ಹಾಕಿದೆ ಅನ್ನುವುದು. ಡಯೊನಿಸಸ್ ಹಬ್ಬಕ್ಕೆ ತಂದ ಕುರಿಮರಿಗೂ 16 ಡ್ರಾಕ್ಮಾ ಎಂದು ಬರೆದು 8ನ್ನು ಮಕ್ಕಳಿಗೆ ಹಾಕಿದ್ದ. ಇದಕ್ಕೇ ನಮಗೆ ಎಲ್ಲಿಲ್ಲದ ಸಿಟ್ಟು ಬಂತು ಅನ್ನುತ್ತಾನೆ ಅಳಿಯ.

ವರ್ಷಕ್ಕೆ 1,000 ಡ್ರಾಕ್ಮಾದಂತೆ ಧಾರಾಳವಾಗಿ ಹಾಕಿದರೂ ಎಂಟು ವರ್ಷಕ್ಕೆ 8,000. ಹಡಗಿನ ಸಾಲದಿಂದ ಬಂದ 7 ಟ್ಯಾಲೆಂಟ್ 40 ಮಿನಾದಲ್ಲಿ ಅದನ್ನು ಕಳೆದರೂ ಇನ್ನೂ 6 ಟ್ಯಾಲೆಂಟ್ 20 ಮಿನಾ ಉಳಿಯಬೇಕು. ಭಾಷಣ ನಮಗೆ ಸಿಕ್ಕಿರುವುದು ಅಲ್ಲಿಯವರೆಗೆ ಮಾತ್ರ. ತೀರ್ಪು ಉಳಿದಿಲ್ಲ. ಇಷ್ಟಾದರೂ ಉಳಿದದ್ದು ಸುಮಾರು ನಾನೂರು ವರ್ಷದ ನಂತರ ರೋಮಿನಲ್ಲಿ ಪಾಠ ಹೇಳುತ್ತಿದ್ದ ಹ್ಯಾಲಿಕಾರ್ನಾಸಸ್ಸಿನ ಡಯೊನಿಸಿಯಸ್‌ನಿಂದ. ಲೈಸಿಯಸ್‌ನ ಕೋರ್ಟು ಭಾಷಣಕ್ಕೆ ಮಾದರಿ ಎಂದು ಅವನು ಇದನ್ನೇ ಆರಿಸಿ ತನ್ನ ಬರಹದಲ್ಲಿ ನಕಲು ಮಾಡಿಟ್ಟ.

ಹಾಗಾದರೆ ಮಾತು ಯಾರದು?

ಪೂರ್ತಿ ಲೈಸಿಯಸ್‌ನ ಕಟ್ಟುಕಥೆ ಎಂದು ಹೇಳಿಬಿಡುವುದು ಸುಲಭ. ನನಗೆ ಹಾಗನಿಸುವುದಿಲ್ಲ. ವಾಕ್ಯದ ಓಟ ಅವನದೇ, ಅನುಮಾನವಿಲ್ಲ. ಆದರೆ ಒಳಗಿನ ಸರಕು ಆಕೆಯದು. 20 ಮಿನಾ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಲೆಕ್ಕದ ಬರಹ ಹೇಗೆ ಸಿಕ್ಕಿತು, ಮಕ್ಕಳು ಮನೆ ಬಿಟ್ಟಾಗ ಮೈಮೇಲೆ ಏನಿತ್ತು ಎಂಬುದು ಬರೆದುಕೊಡುವವನಿಗೆ ಆಕೆಯ ಕಡೆಯಿಂದಲೇ ಬರಬೇಕು. ಮೇಲಾಗಿ ಪಂಚಾಯಿತಿಯಲ್ಲಿದ್ದವರೇ ಸಾಕ್ಷಿ ಹೇಳಬೇಕಿತ್ತು, ತಾತನ ಸ್ನೇಹಿತರೂ ಅಲ್ಲಿದ್ದರು. ಅಂಥ ಕಡೆ ನಡೆಯದ್ದನ್ನು ನಡೆಯಿತು ಎಂದು ಹೇಳುವುದು ಅಪಾಯ. ಆಕೆ ಎದ್ದು ಮಾತಾಡಿದಳು, ಲೆಕ್ಕ ಹೇಳಿದಳು, ಅಪ್ಪನಿಗೆ ಉತ್ತರ ಹೊಳೆಯಲಿಲ್ಲ ಅನ್ನುವಷ್ಟು ನಿಜ ಎಂದೇ ನನ್ನ ನಂಬಿಕೆ.

ವಾದ ಮಾಡುವುದನ್ನು ಹೆಂಗಸರು ಕಲಿತದ್ದು ಎಲ್ಲಿ ಎಂದು ಕೇಳಬಹುದು. ಈ ದಾವೆಯಾಗಿ ಸುಮಾರು ಹತ್ತು ವರ್ಷಕ್ಕೆ ಅರಿಸ್ಟೊಫೇನಿಸ್ ಹೆಂಗಸರು ಗಂಡಸರ ವೇಷ ಹಾಕಿ ಜನಸಭೆಗೆ ನುಗ್ಗುವ ನಗೆನಾಟಕ ಬರೆದ. ಅದರ ನಾಯಕಿ ಪ್ರಾಕ್ಸಾಗೊರಾಗೆ ಇದೇ ಪ್ರಶ್ನೆ ಬರುತ್ತದೆ. ಊರು ಬಿಟ್ಟು ಓಡಿಬಂದ ಕಾಲದಲ್ಲಿ ಗಂಡನ ಜೊತೆ ಸಭೆ ಸೇರುವ ಗುಡ್ಡದ ಮೇಲೆ ಇದ್ದೆ, ಭಾಷಣಕಾರರನ್ನು ಕೇಳಿ ಕೇಳಿ ಕಲಿತೆ ಅನ್ನುತ್ತಾಳೆ. ಆ ಪಾತ್ರ ಮಾಡಿದವನೂ ಗಂಡಸೇ, ಬಿಡಿ. ನಮ್ಮ ಹೆಂಗಸಿನ ಕಲಿಕೆ ಬೇರೆ ಥರ. ಆಕೆಯ ವಾದದಲ್ಲಿ ಸಭೆಯ ವಾಸನೆ ಇಲ್ಲ. ಎಣಿಸಿದ ದುಡ್ಡು, ಬಂದ ದವಸ, ಇಟ್ಟ ಹಾಸಿಗೆ ಇದೆ. ವ್ಯಾಪಾರಿಯ ಮನೆ ನಡೆಸಿದವಳ ವಾದ ಅದು. ಗಂಡ ಹಡಗು ಹತ್ತುವ ಮುಂಚೆ ಆಕೆಯನ್ನೂ ಕೂರಿಸಿಕೊಂಡು ಲೆಕ್ಕ ಒಪ್ಪಿಸಿದ ಅನ್ನುವುದನ್ನು ಮರೆಯಬಾರದು.

ಈ ದಾವೆಯಾಗಿ ಸುಮಾರು ಮೂವತ್ತೈದು ವರ್ಷದ ನಂತರ, ಮುಂದೆ ದೊಡ್ಡ ಭಾಷಣಕಾರನಾದ ಡೆಮಾಸ್ತನೀಸ್ ಇದೇ ಥರದ ದಾವೆ ಹೂಡಿದ. ಅಪ್ಪ ಬಿಟ್ಟುಹೋಗಿದ್ದ ಹತ್ತಿರ ಹತ್ತಿರ 14 ಟ್ಯಾಲೆಂಟ್ ಆಸ್ತಿಯನ್ನು ಮೂವರು ಪಾಲಕರು ಕರಗಿಸಿದ್ದರು. ಅಲ್ಲೂ ಒಬ್ಬ ತಾಯಿ ಇದ್ದಾಳೆ. ಆಕೆಯೂ ಮಗ, ಮಗಳ ಮೇಲೆ ಆಣೆ ಮಾಡಲು ಮುಂದೆ ಬಂದಳು ಎಂದು ಒಂದು ಭಾಷಣದಲ್ಲಿ ಬರುತ್ತದೆ. ಆದರೆ ಆಕೆ ಏನು ಹೇಳಿದಳು ಎಂಬುದನ್ನು ಅವನು ಇಷ್ಟುದ್ದ ಕೇಳಿಸುವುದಿಲ್ಲ. ಅನ್ಯಾಯವಾದದ್ದು ಅವನಿಗೇ, ನಿಂತು ಮಾತಾಡುತ್ತಿದ್ದವನೂ ಅವನೇ. ತಾಯಿಯ ಮಾತು ಅವನಿಗೆ ಬೇಕಾಗಲಿಲ್ಲ. ಅಳಿಯನಿಗೆ ಬೇಕಾಗಿತ್ತು.